ಆಷಾಢಕ್ಕೆ ಬಂದ ಅಳಿಯ

2023ರ ಜೂನ್ 19, ಸೋಮವಾರ. ರಾತ್ರಿಯೆಲ್ಲ ಸುರಿದ ಮಳೆಗೆ ಚೆನ್ನೈನ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮಾಂಬಲದ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಬೆಳಿಗ್ಗೆ ಎಂಟಕ್ಕೆ ಯಾರೋ ಬಾಗಿಲು ಬಡಿದರು. ತೆಗೆದರೆ, ಕೈಯಲ್ಲಿ ಚಪ್ಪಲಿ, ತಲೆಯ ಮೇಲೆ ಟ್ರಾಲಿ ಬ್ಯಾಗ್ ಹೊತ್ತು ಅಳಿಯ ನಿಂತಿದ್ದ. ಮದುವೆಯಾಗಿ ಆರು ವಾರವಾಗಿತ್ತಷ್ಟೆ.

"ಆಷಾಢಕ್ಕೆ ಬಂದಿದೀನಿ ಮಾಮಾ" ಅಂದ.

ಅವನ ಬೆನ್ನ ಹಿಂದೆ ಮಗಳನ್ನು ಹುಡುಕಿದೆ. ಬರೀ ನೀರಿತ್ತು.

ಮೊದಲ ಆಷಾಢಕ್ಕೆ ತವರಿಗೆ ಬರಬೇಕಾದವಳು ಹೆಣ್ಣು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ನಮ್ಮ ಕಡೆಯ ಕಟ್ಟಳೆ. 1985ರಲ್ಲಿ ನನ್ನವಳು ಹಾಗೆಯೇ ತಿರುವಲ್ಲಿಕ್ಕೇಣಿಯಿಂದ ಮೈಸೂರಿಗೆ ಹೋದಳು. ನಾನು ಹನ್ನೊಂದು ಇನ್‌ಲ್ಯಾಂಡ್ ಲೆಟರ್ ಬರೆದೆ. ಉತ್ತರ ಬಂದದ್ದು ಒಂದೇ, ಅದೂ ನಮ್ಮಮ್ಮನ ಹೆಸರಿಗೆ, ಹುಳಿಪುಡಿಯ ಅಳತೆ ಕೇಳಿ.

ಈ ಸಲ ಬೀಗಿತ್ತಿ ಇರುವುದು ಪೆರಂಬೂರಿನಲ್ಲಿ, ಮಗಳ ಫ್ಲಾಟು ಶೋಲಿಂಗನಲ್ಲೂರಿನ ಹದಿನಾಲ್ಕನೇ ಮಹಡಿಯಲ್ಲಿ. ಎರಡು ಹೊಸ್ತಿಲುಗಳ ನಡುವೆ ಇಡೀ ಮದ್ರಾಸೇ ಮಲಗಿದೆ. ಹಾಗಿದ್ದರೂ ನನ್ನವಳು ಪಟ್ಟು ಬಿಡಲಿಲ್ಲ: ಶಾಸ್ತ್ರ ಅಂದರೆ ಶಾಸ್ತ್ರ. ಮಗಳು ಫೋನಿನಲ್ಲಿ ಶಾಂತವಾಗಿ ಹೇಳಿದಳು, "ಅಮ್ಮ, ನನಗೆ ಮನೆಯೇ ಆಫೀಸು. ನಿಮ್ಮನೇಲಿ ವೈಫೈ ಅಡುಗೆಮನೆ ದಾಟಲ್ಲ. ಒಬ್ಬರು ಮನೆ ಬಿಡಬೇಕು ತಾನೇ? ಅವನನ್ನ ಕಳಿಸ್ತೀನಿ." ಸಾಲದ ಕಂತು ಇಬ್ಬರದೂ ಅರ್ಧರ್ಧ, ಆದ್ದರಿಂದ ಯಾರು ಹೊರಟರೂ ಲೆಕ್ಕ ಸರಿ.

"ನಿಮ್ಮಮ್ಮನ ಮನೆಗೆ ಹೋಗಬಹುದಿತ್ತಲ್ಲಪ್ಪ?" ಎಂದು ಟವೆಲ್ ಕೊಡುತ್ತ ಕೇಳಿದೆ. "ಅಲ್ಲಿಗೆ ಹೋದರೆ ಜಗಳ ಆಡ್ಕೊಂಡು ಬಂದ ಅಂತಾರೆ. ಇಲ್ಲಿಗೆ ಬಂದರೆ ಸಂಪ್ರದಾಯ ಅಂತಾರೆ" ಅಂದ. ಜೊತೆಗೆ ಗಿಂಡಿಯ ಅವನ ಆಫೀಸಿಗೆ ಮಾಂಬಲದಿಂದ ಲೋಕಲ್ ರೈಲಿನಲ್ಲಿ ಎರಡೇ ಸ್ಟೇಷನ್ನು.

ಅವನು ಹೋಗುವುದು ಯಾವಾಗ ಎಂಬ ಪ್ರಶ್ನೆ ಎದ್ದಾಗ ಮನೆಯಲ್ಲಿ ಎರಡು ಪಂಚಾಂಗಗಳು ಎದುರು ಬದುರಾದವು. ನನ್ನವಳ ಒಂಟಿಕೊಪ್ಪಲ್ ಪಂಚಾಂಗ ಚಂದ್ರನ ಲೆಕ್ಕದ್ದು. ಬೀಗಿತ್ತಿಯ ರಾಣಿ ಮುತ್ತು ಕ್ಯಾಲೆಂಡರ್ ಸೂರ್ಯನ ಕಡೆಯದು. ತಮಿಳರ ಆಡಿ ಮಾಸದಲ್ಲಿ ಅಗಲಬೇಕಾದವರು ಅತ್ತೆ ಸೊಸೆಯಲ್ಲ, ಗಂಡ ಹೆಂಡತಿ. ಆಡಿಯಲ್ಲಿ ಬಸಿರಾದರೆ ಚಿತ್ತಿರೈನ ಕತ್ತಿರಿ ಬಿಸಿಲಿನಲ್ಲಿ ಹೆರಿಗೆ ಎಂಬ ಭಯ. ಆ ಬಿಸಿಲು ಕಂಡವರು ಯಾರೂ ಇದನ್ನು ಮೂಢನಂಬಿಕೆ ಅನ್ನಲಾರರು. ಎಷ್ಟೋ ವರ್ಷ ಈ ಎರಡು ತಿಂಗಳು ಸ್ವಲ್ಪವಾದರೂ ಒಂದರ ಮೇಲೊಂದು ಬೀಳುತ್ತವೆ. ಆ ವರ್ಷ ಅಧಿಕ ಶ್ರಾವಣ ಬಂದು, ಆಷಾಢ ಮುಗಿಯುವ ಜುಲೈ 17ರಂದೇ ಆಡಿ ಶುರುವಾಗಿ, ಆಗಸ್ಟ್ 17ರವರೆಗೆ ಎಳೆಯಿತು. ಚಂದ್ರ ಸೂರ್ಯರಿಬ್ಬರೂ ಮಾತಾಡಿಕೊಂಡು ಪಾಳಿ ಹಾಕಿಕೊಂಡಂತೆ ಒಟ್ಟು ಎರಡು ತಿಂಗಳು!

ಮಗಳಿಗೆಂದು ನನ್ನವಳು ಬರೆದಿಟ್ಟಿದ್ದ ತಿಂಡಿಗಳ ಪಟ್ಟಿಯೆಲ್ಲ ಅಳಿಯನ ಹೊಟ್ಟೆ ಸೇರತೊಡಗಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹುಡುಗ ಉಂಡ ತಟ್ಟೆ ತೊಳೆಯುತ್ತಿದ್ದ. ಬಟ್ಟೆ ಮಡಚುತ್ತಿದ್ದ. ಮೂರನೇ ದಿನ ಅವನು ಹೀರೇಕಾಯಿ ಹೆರೆಯುವುದನ್ನು ನೋಡುತ್ತ ನನ್ನವಳು ನನ್ನ ಕಡೆ ತಿರುಗಿದಳು. ಏನೂ ಹೇಳಲಿಲ್ಲ. ಮೂವತ್ತೆಂಟು ವರ್ಷ ಪೇಪರ್ ಓದುತ್ತ ಕೂತಿದ್ದ ನಾನು ಅಂದಿನಿಂದ ಕೊತ್ತಂಬರಿ ಸೊಪ್ಪು ಬಿಡಿಸಲು ಕಲಿತೆ.

ಜುಲೈ 17 ನಮಗೆ ಭೀಮನ ಅಮಾವಾಸ್ಯೆ, ಅವರಿಗೆ ತಲೈ ಆಡಿ. ಒಂದು ಕಡೆ ಹೆಂಡತಿ ಗಂಡನ ಪಾದ ಪೂಜಿಸಬೇಕು, ಇನ್ನೊಂದು ಕಡೆ ಹೆಣ್ಣಿನ ಮನೆಯವರು ಹೊಸ ಅಳಿಯನನ್ನು ಕರೆದು ತೆಂಗಿನಹಾಲಿನ ಆಡಿಪಾಲು ಕುಡಿಸಬೇಕು. ಕರೆಯುವ ಕೆಲಸ ನಮಗೆ ಉಳಿದಿತ್ತು. ಮಗಳು ಅರ್ಧ ದಿನ ರಜೆ ಹಾಕಿ ಬಂದಳು. ಪೆರಂಬೂರಿನಿಂದ ಬೀಗಿತ್ತಿ, ಅವರ ಮಗಳು, ಹುಡುಗನ ತಾತ ಬಂದರು. ಕಪ್ಪು ಅಂಗಿಯ ತಾತ ಪೆರಿಯಾರ್ ಕಡೆಯವರು. 1964ರಲ್ಲಿ ಪುರೋಹಿತರಿಲ್ಲದೆ, ಬೇಕೆಂದೇ ರಾಹುಕಾಲದಲ್ಲಿ, ಹಾರ ಬದಲಾಯಿಸಿ ಸುಯಮರಿಯಾದೈ, ಅಂದರೆ ಸ್ವಾಭಿಮಾನದ ಮದುವೆಯಾದವರು. ಅಣ್ಣಾದುರೈ ಸರ್ಕಾರ ಅಂಥ ಮದುವೆಗಳಿಗೆ ಕಾನೂನು ಮಾಡಿದ್ದು 1967ರಲ್ಲಿ. "ಮೂರು ವರ್ಷ ನಾನು ಕಾನೂನಿಗೆ ಬ್ರಹ್ಮಚಾರಿ" ಎಂದು ನಗುತ್ತಾರೆ. ಅವರ ಮೊಮ್ಮಗನೇ ನಮ್ಮ ಮಂಟಪದಲ್ಲಿ ಫೋಟೋ ಚೆನ್ನಾಗಿ ಬರಲಿಲ್ಲವೆಂದು ಕಾಶಿಯಾತ್ರೆಗೆ ಎರಡು ಸಲ ಹೊರಟವನು.

ಹೊಸ್ತಿಲ ಮೇಲಿನ ಭಂಡಾರ ಒಡೆಯಲು ಹೆಣ್ಣಿಗೆ ತಮ್ಮ ಬೇಕು. ನಮ್ಮದು ಒಂದೇ ಕೂಸು, ಎರಡನೆಯದಕ್ಕೆ ಧೈರ್ಯ ಸಾಲಲಿಲ್ಲ. ಕಡೆಗೆ ನಾದಿನಿಯೇ ಮೊಣಕೈಯಿಂದ ಗುದ್ದಿ ಒಡೆದು, ದುಡ್ಡನ್ನು ಪರ್ಸಿಗೆ ಹಾಕಿಕೊಂಡಳು. ಮಗಳು ಗಂಡನ ಪಾದಕ್ಕೆ ಅರಿಶಿನ ಕುಂಕುಮ ಹಚ್ಚಿ ನಮಸ್ಕರಿಸಿದಳು. ಅವಳು ಏಳುವಷ್ಟರಲ್ಲಿ ಅವನೂ ಬಗ್ಗಿ ಅವಳ ಪಾದ ಮುಟ್ಟಿದ. ಇಬ್ಬರ ತಲೆಯೂ ಢೀ ಕೊಟ್ಟವು.

ನನ್ನವಳ ಆರತಿ ಅಲ್ಲೇ ನಿಂತಿತು. ಬೀಗಿತ್ತಿ "ಅಯ್ಯಯ್ಯೋ" ಅಂದರು. ತಾತ ಮಾತ್ರ ಚಪ್ಪಾಳೆ ಹೊಡೆದು, "ಇಪ್ಪೋದಾನ್ ಸುಯಮರಿಯಾದೈ ಕಲ್ಯಾಣಂ!" ಎಂದು ಕೂಗಿ, ದೇವರಿಗಿಟ್ಟ ಆಡಿಪಾಲಿಗೆ ಕೈ ಚಾಚಿದರು. ಎರಡು ಲೋಟ ಕುಡಿದರು.

ಊಟ ಮುಗಿದ ಮೇಲೆ ಬೀಗಿತ್ತಿಯ ಚೀಲ ಕಣ್ಣಿಗೆ ಬಿತ್ತು. ಅಮಾವಾಸ್ಯೆಗೆ ನಿಮ್ಮ ಆಷಾಢ ಮುಗಿಯಿತು, ಇನ್ನು ಅತ್ತೆ ಸೊಸೆಗೆ ಅಡ್ಡಿಯಿಲ್ಲ, ಹುಡುಗಿ ಒಬ್ಬಳೇ ಇದ್ದಾಳೆ, ಆಡಿ ಮುಗಿಯುವವರೆಗೆ ಜೊತೆಗಿರುತ್ತೇನೆ ಎಂದರು. ಎರಡು ಪಂಚಾಂಗವನ್ನೂ ಅವರಷ್ಟು ಚೆನ್ನಾಗಿ ಓದಿಕೊಂಡವರನ್ನು ನಾನು ಕಂಡಿಲ್ಲ. ಆಡಿ ತಳ್ಳುಪಡಿಯ ರಿಯಾಯಿತಿ ಮಾರಾಟ ಶುರುವಾಗಿದೆಯೆಂದು ಅತ್ತೆ, ಸೊಸೆ, ನಾದಿನಿ ಮೂವರೂ ಪಾಂಡಿಬಜಾರ್ ಮೇಲೆ ಹಾದು ಹೋಗಲು ಆಟೋ ಹತ್ತಿದರು. ಕೊನೆಯ ಗಳಿಗೆಯಲ್ಲಿ ನನ್ನವಳೂ ಚಪ್ಪಲಿ ಮೆಟ್ಟಿದಳು.

ತಾತ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅಳಿಯ ಬುಟ್ಟಿಯಲ್ಲಿದ್ದ ಸಾಂಬಾರ್ ಈರುಳ್ಳಿಯನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ನನ್ನ ಕಡೆ ತಳ್ಳಿದ.