ಕಲ್ಲು ಹೆಕ್ಕಲಿಕ್ಕೆ ಯಾರ ಅಪ್ಪಣೆ?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹೆಕ್ಕುವುದು ಮರ್ಯಾದೆಯ ಕೆಲಸವೇ. ಅಡಿಕೆ ಹೆಕ್ಕುತ್ತೇವೆ, ಗೇರುಬೀಜ ಹೆಕ್ಕುತ್ತೇವೆ, ಮಳೆ ಹಿಡಿದ ಮೇಲೆ ಗುಡ್ಡೆಯಲ್ಲಿ ಅಣಬೆ ಹುಡುಕುತ್ತೇವೆ, ಗಾಳಿ ಬೀಸಿದ ಮರುದಿನ ಕಾಟುಮಾವಿನ ಹಣ್ಣಿಗಾಗಿ ಬೆಳಕು ಹರಿಯುವ ಮೊದಲೇ ಓಡುತ್ತೇವೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಆದರೆ ಹೊಳೆಬದಿಯಲ್ಲಿ ಬಗ್ಗಿ ಒಂದು ಕಲ್ಲು ಹೆಕ್ಕಿ ಕಿಸೆಗೆ ಹಾಕಿಕೊಳ್ಳಿ, ಆಚೆ ದಡದಿಂದ ಬೊಬ್ಬೆ ಬರುತ್ತದೆ: "ಎಂತ ಸಿಕ್ಕಿತು ಮಾರಾಯ್ರೆ?" ಕಲ್ಲು ಅಂದರೆ ನಂಬುವುದಿಲ್ಲ. ಚಂದ ಉಂಟು ಅಂತ ಹೆಕ್ಕಿದೆ ಅಂದರೆ ನಮ್ಮ ಮನೆಯವರ ಬಗ್ಗೆ ಕನಿಕರ ಪಡುತ್ತಾರೆ.

ನಮ್ಮ ಜಗಲಿಯ ದಂಡೆಯ ಮೇಲೆ ಅಂಥ ಕಲ್ಲುಗಳ ಒಂದು ಸಾಲು ಉಂಟು. ಎಲ್ಲೆಲ್ಲಿಂದ ಬಂದವು ಎಂದು ಬರೆಯುವುದಿಲ್ಲ; ಸ್ವಲ್ಪ ಮುಂದೆ ಓದಿದರೆ ಕಾರಣ ನಿಮಗೇ ತಿಳಿಯುತ್ತದೆ. ಅದರಲ್ಲಿ ಒಂದು ಅಂಗೈಯಗಲದ್ದು, ಭೂವಿಜ್ಞಾನದವರು ನೈಸ್ ಎನ್ನುವ ಜಾತಿ. ಕಪ್ಪು ಬಿಳಿ ಪಟ್ಟೆಗಳು, ಪಟ್ಟೆಗಳ ನಡುವೆ ಸಾಸಿವೆ ಗಾತ್ರದ ಕೆಂಪು ಚುಕ್ಕಿಗಳು. ಒಣಗಿದ್ದಾಗ ಆ ಚುಕ್ಕಿಗಳು ತುಕ್ಕಿನ ಕಲೆಯ ಹಾಗೆ ಇರುತ್ತವೆ. ನೀರು ಚಿಮುಕಿಸಿ ಬಿಸಿಲಿಗೆ ಹಿಡಿದರೆ ಪುನರ್ಪುಳಿ ಶರಬತ್ತಿನ ಬಣ್ಣ. ಅವು ಗಾರ್ನೆಟ್. ಕಲ್ಲು ನೆಲದ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ಹಿಂಡಿ ಹೋದಾಗ ಹುಟ್ಟಿಕೊಂಡ ಹರಳುಗಳು. ನಮ್ಮ ಘಟ್ಟದ ತಪ್ಪಲಿನ ಇಂಥ ಬಂಡೆಗಳ ವಯಸ್ಸು 250 ಕೋಟಿ ವರ್ಷದ ಲೆಕ್ಕದಲ್ಲಿ ಹೇಳುವಂಥದ್ದು. "ಅಷ್ಟು ಹಳೆಯದಾದರೆ ಹೊರಗೇ ಇರಲಿ, ಒಳಗೆ ತರುವುದು ಬೇಡ" ಎಂಬುದು ಮನೆಯ ತೀರ್ಮಾನ.

ಸರಕಾರದ ತೀರ್ಮಾನ ಇದಕ್ಕಿಂತ ಖಡಕ್. 1963ರ ಕರ್ನಾಟಕ ಅರಣ್ಯ ಕಾಯಿದೆಯಲ್ಲಿ ಅರಣ್ಯ ಉತ್ಪನ್ನ ಎಂದರೇನು ಎಂಬುದಕ್ಕೆ ಉದ್ದದ ಪಟ್ಟಿಯೇ ಉಂಟು. ಮರ, ಸೊಪ್ಪು, ಹೂ, ಹಣ್ಣು, ಜೇನು, ಮೇಣ, ಕೊಂಬು, ದಂತ ಎಲ್ಲ ಆದ ಮೇಲೆ ಮೇಲ್ಮಣ್ಣು, ಬಂಡೆ, ಖನಿಜ ಕೂಡ ಬರುತ್ತದೆ. ಮುರಕಲ್ಲಿನ ಹೆಸರು ಬೇರೆ ಎತ್ತಿ ಹೇಳಿದ್ದಾರೆ, ನಮ್ಮ ಜಿಲ್ಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡ ಹಾಗೆ. ಅಂದರೆ ಮೀಸಲು ಅರಣ್ಯದಿಂದ ಬೀಟೆಯ ದಿಮ್ಮಿ ತಂದರೂ ಅರಣ್ಯ ಉತ್ಪನ್ನ, ಬೆಣಚುಕಲ್ಲಿನ ಚೂರು ತಂದರೂ ಅರಣ್ಯ ಉತ್ಪನ್ನ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯಿದೆಯೂ ಸೇರಿಕೊಳ್ಳುತ್ತದೆ. ಕಾಡು ಬಿಟ್ಟು ಹೊಳೆಗೆ ಇಳಿಯೋಣ ಎಂದರೆ ಅಲ್ಲಿ 1957ರ ಗಣಿ ಮತ್ತು ಖನಿಜ ಕಾಯಿದೆ ಕಾದು ಕೂತಿದೆ. ಅದರ ಪ್ರಕಾರ ಅಪ್ಪಣೆಯಿಲ್ಲದೆ ತೆಗೆಯುವುದು ಮಾತ್ರವಲ್ಲ, ಸಾಗಿಸುವುದು, ದಾಸ್ತಾನು ಇಡುವುದು ಕೂಡ ತಪ್ಪು. ಸ್ಕೂಟರಿನ ಡಿಕ್ಕಿ ಸಾಗಾಟವಾದರೆ, ಜಗಲಿಯ ದಂಡೆ ದಾಸ್ತಾನು. ಕಿಸೆಯಲ್ಲಿ ಒಂದು ಕಲ್ಲಿಟ್ಟುಕೊಂಡು ನಾನು ಇಷ್ಟೆಲ್ಲ ಯೋಚಿಸುತ್ತಾ ರಸ್ತೆ ಬದಿಗೆ ನಿಂತಿದ್ದಾಗ ಟರ್ಪಾಲು ಹೊದ್ದ ಟಿಪ್ಪರ್ ಒಂದು ಮೈಮೇಲೆ ಧೂಳು ಹಾರಿಸಿಕೊಂಡು ಹೋದದ್ದುಂಟು. ಅದರ ವಿಷಯ ಬೇಡ.

ಈ ಕಾಯಿದೆಗಳನ್ನು ಎಷ್ಟು ಮಗುಚಿ ಹಾಕಿದರೂ ಹವ್ಯಾಸಕ್ಕೆ ಕಲ್ಲು ಹೆಕ್ಕುವವನು ಎಂಬ ಪ್ರಾಣಿ ಕಾಣಸಿಗುವುದಿಲ್ಲ. ಪರವಾನಗಿ ಇದ್ದವನು, ಇಲ್ಲದವನು, ಎರಡೇ ಜಾತಿ. ಅಮೆರಿಕದಲ್ಲಿ ಈ ಮೂರನೆಯವನಿಗೂ ಒಂದು ಜಾಗ ಮಾಡಿಟ್ಟಿದ್ದಾರೆ. ಅಲ್ಲಿನ ಭೂನಿರ್ವಹಣಾ ಇಲಾಖೆಯ ಬಯಲುಗಳಲ್ಲಿ ಸ್ವಂತ ಸಂತೋಷಕ್ಕೆ ಕಲ್ಲು ಹೆಕ್ಕಬಹುದು, ಮಾರಬಾರದು. ಕಲ್ಲಾದ ಮರ ದಿನಕ್ಕೆ 25 ಪೌಂಡು ಮತ್ತು ಮೇಲಿಂದ ಒಂದು ತುಂಡು, ವರ್ಷಕ್ಕೆ 250 ಪೌಂಡು ಮೀರುವಂತಿಲ್ಲ. ಉಲ್ಕಾಶಿಲೆಯಾದರೆ ವರ್ಷಕ್ಕೆ ಒಬ್ಬನಿಗೆ 10 ಪೌಂಡು, ಅಂದರೆ ನಾಲ್ಕೂವರೆ ಕಿಲೋ. ನಮ್ಮ ಹಳೆಯ ರೇಷನ್ ಕಾರ್ಡಿನ ಸಕ್ಕರೆಯೂ ಇಷ್ಟು ಚೊಕ್ಕವಾಗಿ ನಿಗದಿಯಾಗಿರಲಿಲ್ಲ.

ನಮಗೂ ಹಾಗೊಂದು ಬೇಕಿತ್ತು ಎಂದು ನನಗೂ ಆಸೆ ಹುಟ್ಟಿದ್ದು ನಿಜ. ಆದರೆ ಹರಳುಕಲ್ಲಿನ ನೆನಪಾದ ಕೂಡಲೇ ಆ ಆಸೆ ತಣ್ಣಗಾಯಿತು. ಸುಬ್ರಹ್ಮಣ್ಯ, ಕೂಜಿಮಲೆ ಕಡೆಯ ಕಾಡಿನಲ್ಲಿ ಹರಳುಕಲ್ಲಿಗಾಗಿ ಗುಂಡಿ ತೋಡಿದ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಲೇ ಬೆಳೆದವರು ನಾವು. ನನ್ನ ಜಗಲಿಯ ಸಾಸಿವೆ ಚುಕ್ಕಿಯ ದೊಡ್ಡಣ್ಣಂದಿರೇ ಅವು. ಜಿಗಣೆ ಕಚ್ಚಿಸಿಕೊಂಡು, ಆನೆಗೆ ಹೆದರಿಕೊಂಡು, ರಾತ್ರಿ ಹೊತ್ತಿನಲ್ಲಿ ಬೇರು ಕಡಿದು ಮಣ್ಣು ಅಗೆದು ತೆಗೆದದ್ದು ಯಾರ್‍ಯಾರದೋ ಕೈ ದಾಟಿ ಎಲ್ಲಿಯದೋ ಉಂಗುರಕ್ಕೆ ಹೋಗುತ್ತದೆ. ಗುಂಡಿ ಇಲ್ಲೇ ಉಳಿಯುತ್ತದೆ, ಮೊದಲ ಮಳೆಗೆ ಅದರ ಮಣ್ಣು ತೋಡಿಗೆ ಇಳಿಯುತ್ತದೆ. ಹವ್ಯಾಸಿಗಳಿಗೆ ನಾಲ್ಕೂವರೆ ಕಿಲೋ ಬಿಟ್ಟಿದ್ದೇವೆ ಎಂದು ಸರಕಾರ ಇವತ್ತು ಹೇಳಿದರೆ, ನಾಳೆ ಬೆಳಿಗ್ಗೆ ಹಾರೆ ಹಿಡಿದವರೆಲ್ಲ ಹವ್ಯಾಸಿಗಳೇ.

ಹಾಗೆ ನೋಡಿದರೆ ನಮ್ಮಲ್ಲಿ ಕಾಯಿದೆ ಪುಸ್ತಕಕ್ಕಿಂತ ಬಿಗಿಯಾದ ಇನ್ನೊಂದು ಇಲಾಖೆ ಉಂಟು. ಮರದ ಬುಡದಲ್ಲಿ ನಿಲ್ಲಿಸಿದ ಒರಟು ಕಲ್ಲು, ಹೆಸರಿಲ್ಲ, ಬೇಲಿ ಇಲ್ಲ, ಬೋರ್ಡು ಇಲ್ಲ, ಅದು ಗುಳಿಗನದು. ಆಚೆ ಬನದಲ್ಲಿರುವುದು ನಾಗನದು. ಒಮ್ಮೆ ಗುಡ್ಡೆಯಲ್ಲಿ ಒಂದು ನುಣುಪು ಕಲ್ಲಿಗೆ ನಾನು ಬಗ್ಗಿದ್ದೇ ತಡ, ಅಡಿಕೆ ಕೊಯ್ಯಲು ಬರುವ ಹಿರಿಯರೊಬ್ಬರು, "ಅದು ಅಲ್ಲೇ ಇರಲಿ ಅಣ್ಣೇರೆ, ಯಾರದ್ದು ಅಂತ ನಮಗೆ ಗೊತ್ತಿಲ್ಲವಲ್ಲ" ಅಂದರು. ಧ್ವನಿ ಏರಿಸಲಿಲ್ಲ. ಸೆಕ್ಷನ್ ಹೇಳಲಿಲ್ಲ. ನನ್ನ ಕೈ ತಾನಾಗಿ ಹಿಂದೆ ಬಂತು. ಅರಿಝೋನಾದ ಕಲ್ಲುಮರದ ರಾಷ್ಟ್ರೀಯ ಉದ್ಯಾನದಲ್ಲಿ ಕಲ್ಲು ಕದ್ದವರು, ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂತು ಎಂದು ಕ್ಷಮಾಪಣೆ ಬರೆದು ಕಲ್ಲು ವಾಪಸು ಕಳಿಸುತ್ತಾರಂತೆ. ಅಲ್ಲಿ ಅಂಥ ಕಲ್ಲುಗಳ ಒಂದು ರಾಶಿಯೇ ಉಂಟು. ನಮ್ಮವರಾದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಯಾವ ಕಲ್ಲು, ಯಾವ ವರ್ಷ, ಯಾವ ದಿಕ್ಕಿನಿಂದ ಬಂತು ಎಂದು ಪಕ್ಕಾ ಮಾಡಿಕೊಂಡೇ ವಾಪಸು ಇಡುತ್ತಿದ್ದರು.

ಈ ಇಲಾಖೆ ಬೇಡ ಎನ್ನುವುದು ಮಾತ್ರವಲ್ಲ, ತಾ ಎನ್ನುವುದೂ ಉಂಟು. ಕುಮಾರಪರ್ವತದ ಮೇಲೆ, ಕುಮಾರಧಾರೆಯ ಮೂಲದಲ್ಲಿ, ಆರು ಮುಖದ ಕಲ್ಲುಗಳು ತಾವಾಗಿ ಸಿಗುತ್ತವೆ. ಅವು ಕುಮಾರಲಿಂಗ. ಭಕ್ತರು ತಂದು ದೇವರಕೋಣೆಯಲ್ಲಿಟ್ಟು ಪೂಜೆ ಮಾಡುತ್ತಾರೆ. 1712 ಮೀಟರ್ ಎತ್ತರದ ಆ ಬೆಟ್ಟ ಈಗ ಪುಷ್ಪಗಿರಿ ಅಭಯಾರಣ್ಯದೊಳಗೆ ಉಂಟು. ಕಾಯಿದೆಗೆ ಮುಖ ಆರಾದರೇನು, ಒಂದಾದರೇನು? ಬೆಟ್ಟದ ಬುಡದ ಸುಬ್ರಹ್ಮಣ್ಯವಂತೂ ಸುಳ್ಯ ತಾಲೂಕಿನಿಂದ ಕಡಬಕ್ಕೆ ಹೋಯಿತು, ಅಲ್ಲಿನ ಒಂದು ಕಲ್ಲೂ ಅಲುಗದೆ.

ಇನ್ನು ಆಕಾಶದ ಕಲ್ಲು. ನಾನು ಕಲ್ಲಿನವ ಎಂದು ಊರಲ್ಲಿ ಹೆಸರಾದ ಮೇಲೆ, ಕಪ್ಪು ಕಂಡದ್ದೆಲ್ಲ ಉಲ್ಕೆ ಎಂದು ನಮ್ಮ ಅಂಗಳಕ್ಕೆ ಬರಲು ಶುರುವಾಯಿತು. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಹಿಡಿದೇ ಬರುತ್ತಾರೆ, "ನೋಡಿ, ಹಿಡಿತದೆ!" ಹಿಡಿಯದೆ ಏನು, ಮುರಕಲ್ಲಿನ ನಾಡಲ್ಲವೇ, ಮಣ್ಣಲ್ಲೇ ಕಬ್ಬಿಣ. ಮುರಕಲ್ಲಿಗೆ ಮೈತುಂಬ ತೂತು. ಉಲ್ಕೆಗೆ ಸಾಮಾನ್ಯವಾಗಿ ತೂತಿಲ್ಲ, ಸುಟ್ಟ ತೆಳು ಕಪ್ಪು ಸಿಪ್ಪೆ ಇರುತ್ತದೆ. ಮತ್ತೆ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವಲ್ಲಿ ಕಬ್ಬಿಣದ ಗೇಟೇ ಉಳಿಯುವುದಿಲ್ಲ, ಉಲ್ಕೆ ಉಳಿಯುತ್ತದೆಯೇ? ಹುಡುಕುವವರು ಸಹಾರಾಕ್ಕೆ, ಅಂಟಾರ್ಕ್ಟಿಕಾಕ್ಕೆ ಹೋಗುವುದು ಅದಕ್ಕೇ. ಹಾಗಂತ ಆಸೆ ಪೂರ್ತಿ ಬಿಡುವ ಹಾಗೂ ಇಲ್ಲ. 1866ರಲ್ಲಿ ಉಡುಪಿಯ ಹತ್ತಿರ ಒಂದು ನಿಜವಾಗಿಯೂ ಬಿದ್ದಿದೆ. ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ಇವತ್ತಿಗೂ ಬ್ರಿಟಿಷರ ಕಾಲದ 'ಉಡಿಪಿ' ಎಂಬ ಹೆಸರಿನಲ್ಲೇ ಉಂಟು. ಅದರ ಹಿಂದಿನ ವರ್ಷ ಬಿಹಾರದ ಶೆರ್ಗೊಟ್ಟಿಯಲ್ಲಿ ಬಿದ್ದದ್ದು ಮಂಗಳ ಗ್ರಹದ ಕಲ್ಲು ಎಂದು ಆಮೇಲೆ ಗೊತ್ತಾಯಿತು. ಇಂಥವುಗಳನ್ನು ನೋಡಿಕೊಳ್ಳುವ ಕೆಲಸ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು, ಅದರ ಮುಖ್ಯ ಕಚೇರಿ ಕೋಲ್ಕತ್ತದಲ್ಲಿ. ನಿಮ್ಮ ತೋಟಕ್ಕೆ ಬಿದ್ದರೆ ಅವರಿಗೆ ತಿಳಿಸಿ. ತೊಳೆಯಬೇಡಿ, ಒಡೆಯಬೇಡಿ, ಕುಂಕುಮ ಹಚ್ಚಬೇಡಿ.

ಇಷ್ಟೆಲ್ಲ ತಿಳಿದ ಮೇಲೆ ನನ್ನಂಥವನು ಎಲ್ಲಿಗೆ ಹೋಗಬೇಕು? ಯಾವ ಕಾಯಿದೆಯೂ ಯಾವ ದೈವವೂ ಆಕ್ಷೇಪ ಎತ್ತದ ಒಂದು ಜಾಗ ಕಡೆಗೂ ಸಿಕ್ಕಿತು: ಮನೆಗೆ ಕೋಣೆಯೊಂದನ್ನು ಸೇರಿಸಲು ತರಿಸಿದ ಜಲ್ಲಿಯ ರಾಶಿ. ಕ್ರಷರಿನಿಂದ ಹೊಸದಾಗಿ ಒಡೆದು ಬಂದ ಮಾಲು, ರಾಯಲ್ಟಿ ಕಟ್ಟಿದೆ, ಎಂಡಿಪಿ ಚೀಟಿ ಉಂಟು. ಒಡೆದ ಮುಖಗಳಲ್ಲಿ ಪಟ್ಟೆಗಳು, ಅಭ್ರಕದ ಮಿಂಚು, ಅದೃಷ್ಟವಿದ್ದರೆ ಕೆಂಪು ಚುಕ್ಕಿ. ಬಾಲ್ದಿಯಲ್ಲಿ ನೀರಿಟ್ಟುಕೊಂಡು ಒಂದೊಂದನ್ನೇ ಅದ್ದಿ ನೋಡುತ್ತಾ ಕೂತಿದ್ದೆ. ಮೇಸ್ತ್ರಿ ಬಂದು ಸೊಂಟಕ್ಕೆ ಕೈಕೊಟ್ಟು ಸ್ವಲ್ಪ ಹೊತ್ತು ನೋಡಿದರು. "ಹೆಕ್ಕಿ ಆದ್ಮೇಲೆ ಹೇಳಿ ಸಾರ್, ನಮಗೆ ಸ್ಲ್ಯಾಬ್ ಹಾಕ್ಲಿಕ್ಕುಂಟು" ಅಂದರು.