ಮೂರಲಗಿನ ಬಾಣ ಮಸೆಯುವ ಶಾಸ್ತ್ರಕ್ಕೆ ಮನೂರು ಸೀಮೆಯೇ ತವರು ಎಂಬ ಪ್ರಮೇಯ

ಮಹಾಭಾರತದ ಯುದ್ಧಪರ್ವಗಳಲ್ಲಿ ಬಾಣಗಳ ಹೆಸರಿಗೆ ಬಡತನವಿಲ್ಲ. ಭಲ್ಲ, ನಾರಾಚ, ಕ್ಷುರಪ್ರ, ವತ್ಸದಂತ, ಅರ್ಧಚಂದ್ರ, ಅಂಜಲಿಕ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಬಿಟ್ಟವರ ಹೆಸರಿದೆ, ತಿಂದವರ ಹೆಸರಿದೆ, ಬಾಣದ ಗರಿ ಯಾವ ಹಕ್ಕಿಯದೆಂಬ ವಿವರವೂ ಇದೆ. ಮಸೆದವರ ಹೆಸರು ಮಾತ್ರ ಇಲ್ಲ. ಪಾಂಡವರು ಬನ್ನಿಮರದ ಮೇಲೆ ಆಯುಧಗಳನ್ನಿಟ್ಟು ವಿರಾಟನ ಊರು ಹೊಕ್ಕರು. ಒಂದು ವರ್ಷ, ಅಂದರೆ ಒಂದು ಇಡೀ ಮಳೆಗಾಲ, ಅವು ಅಲ್ಲೇ ಇದ್ದವು. ಕೆಳಗಿಳಿಸಿದ ದಿನವೇ ಅರ್ಜುನ ಕೌರವಸೇನೆಯ ಎದುರು ನಿಂತ. ನಡುವೆ ತುಕ್ಕು ಬಿಡಿಸಿದವರು ಯಾರು, ಯಾವ ಕಲ್ಲಿನ ಮೇಲೆ? ಉತ್ತರಕುಮಾರ ಜೊತೆಗಿದ್ದ, ನಿಜ. ಆದರೆ ಅವನ ಕೈ ಆಗಲೇ ನಡುಗುತ್ತಿತ್ತು, ನಡುಗುವ ಕೈಯಲ್ಲಿ ಕೋನ ನಿಲ್ಲುವುದಿಲ್ಲ. ವ್ಯಾಸರು ಮೌನವಾಗಿರುವ ಈ ಜಾಗವನ್ನು ತುಂಬಲು ಪ್ರಕೃತ ಪ್ರಬಂಧ ಹೊರಟಿದೆ. ನಮ್ಮ ಪ್ರತಿಜ್ಞೆ ಇಷ್ಟೆ: ಮೂರಲಗಿನ ಬೇಟೆಬಾಣವನ್ನು ಮಸೆಯುವ ಶಾಸ್ತ್ರ ಹುಟ್ಟಲು ಜಗತ್ತಿನಲ್ಲಿ ಯೋಗ್ಯವಾದ ಸ್ಥಳ ಒಂದೇ, ಅದು ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನಡುವಿನ ಮನೂರು ಸೀಮೆ. ಅಲ್ಲಿ ಅದು ನಿಜಕ್ಕೂ ಹುಟ್ಟಿತೇ ಎಂಬುದು ಎರಡನೆಯ ಪ್ರಶ್ನೆ. ತವರು ಸಿದ್ಧವಾದ ಮೇಲೆ ಮಗಳನ್ನು ಹುಡುಕುವುದು ನಮ್ಮ ಸಂಶೋಧನ ಕ್ಷೇತ್ರದಲ್ಲಿ ಹೊಸದೇನಲ್ಲ.

ಮೊದಲು ಶಾಸ್ತ್ರವನ್ನೇ ತಿಳಿಯೋಣ. ಬಾಣ ಗುಂಡಿನಂತೆ ಬಡಿದು ಕೊಲ್ಲುವುದಿಲ್ಲ, ರಕ್ತನಾಳವನ್ನು ಕೊಯ್ದು ಕೊಲ್ಲುತ್ತದೆ; ಹಾಗಾಗಿ ಮೊಂಡು ಬಾಣ ಎಂದರೆ ಪ್ರಾಣಿಗೆ ಹಿಂಸೆ, ಬೇಟೆಗಾರನಿಗೆ ಅವಮಾನ. ಎರಡಲಗಿನ ಮೊನೆಯನ್ನು ಚಾಕುವಿನಂತೆ ಓರೆಯಾಗಿ ಹಿಡಿದು ಮಸೆಯಬೇಕು, ಕೋನ ಕಾಯುವ ಭಾರವೆಲ್ಲ ಮಣಿಕಟ್ಟಿನ ಮೇಲೆ. ಮೂರಲಗಿನದು ಈ ಕಷ್ಟವನ್ನು ತಾನೇ ಹೊತ್ತುಕೊಂಡಿದೆ. ಅಲಗುಗಳ ನಡುವೆ 120 ಡಿಗ್ರಿ ಅಂತರ. ಚಪ್ಪಟೆ ಕಲ್ಲಿನ ಮೇಲೆ ಮಲಗಿಸಿದರೆ ಎರಡು ಅಲಗು ಒಟ್ಟಿಗೇ ಕಲ್ಲಿಗೆ ತಾಗುತ್ತವೆ, ಮೂರನೆಯದು ಆಕಾಶ ನೋಡುತ್ತದೆ. ತಾಗಿದ ಒಂದೊಂದೂ ಕಲ್ಲಿನೊಡನೆ 30 ಡಿಗ್ರಿಯಲ್ಲಿ ನಿಲ್ಲುತ್ತದೆ. ಹೊರಳಿಸಿದಾಗ ಅದರ ಮತ್ತೊಂದು ಮುಖಕ್ಕೂ 30. ಅಂಚು ತಾನಾಗಿ 60 ಡಿಗ್ರಿ. ಮೂರು ಸಲ ಹೊರಳಿಸಿದರೆ ಪ್ರತಿ ಅಲಗೂ ಎರಡು ಸಲ ಕಲ್ಲು ಕಂಡಿರುತ್ತದೆ, ಒಂದು ಮುಖಕ್ಕೆ ಒಂದು ಸಲ. ಎಷ್ಟು ಸಲ ತಿಕ್ಕಿದರೂ ಮೂರು ಕಡೆಗೂ ಲೆಕ್ಕ ಸಮ ಇರಬೇಕು, ಒಂದು ಕಡೆ ಹೆಚ್ಚಾದರೆ ಅಂಚು ಮಧ್ಯ ಬಿಟ್ಟು ಸರಿಯುತ್ತದೆ. ಮೊದಲು ಅರ, ಆಮೇಲೆ ನುಣುಪು ಕಲ್ಲು, ಕೊನೆಗೆ ತೊಗಲು. ಅಂಚಿಗೆ ಮಾರ್ಕರ್ ಪೆನ್ನಿನಿಂದ ಮಸಿ ಹಚ್ಚಿ ತಿಕ್ಕಿದರೆ ಕಲ್ಲು ಎಲ್ಲಿ ತಾಗಿತು, ಎಲ್ಲಿ ತಾಗಲಿಲ್ಲ ಎಂದು ಮಸಿಯೇ ಹೇಳುತ್ತದೆ. ತಿರುಗುವ ಸಾಣೆಚಕ್ರ ಇಲ್ಲಿ ಕೆಲಸಕ್ಕೆ ಬಾರದು. ಪಕ್ಕದ ಅಲಗು ಅಡ್ಡ ಬರುತ್ತದೆ, ಬಿಸಿಗೆ ಉಕ್ಕಿನ ಹದವೂ ಕೆಡುತ್ತದೆ. ಒಟ್ಟಿನಲ್ಲಿ ಈ ಶಾಸ್ತ್ರ ಮನುಷ್ಯನಿಂದ ಕೌಶಲ ಬೇಡುವುದಿಲ್ಲ, ಕಲ್ಲಿನಿಂದ ಸಮತಟ್ಟು ಬೇಡುತ್ತದೆ. ಇಡೀ ಪ್ರಮೇಯ ನಿಂತಿರುವುದು ಈ ಒಂದು ವಾಕ್ಯದ ಮೇಲೆ.

ಈಗ ಭೂಮಿಯ ಸಾಕ್ಷ್ಯ. ಬೀದರಿನಿಂದ ಜಹೀರಾಬಾದಿನ ಕಡೆ ಹಬ್ಬಿದ ಎತ್ತರದ ನೆಲ ಕೆಂಪು ಜಂಬಿಟ್ಟಿಗೆಯದು. ಮೈತುಂಬ ತೂತು, ಮುಟ್ಟಿದರೆ ಅರದಂತೆ ಒರಟು. ದಕ್ಷಿಣಕ್ಕೆ ತಾಂಡೂರಿನಲ್ಲಿ ನೀಲಿ ಮತ್ತು ಹಳದಿ ಸುಣ್ಣಗಲ್ಲು ಪದರ ಪದರವಾಗಿ ಏಳುತ್ತದೆ. ಶಹಾಬಾದಿನ ಪರ್ಸಿಯ ಒಡಹುಟ್ಟು, ಅರ್ಧ ದಕ್ಷಿಣ ಭಾರತದ ಪಡಸಾಲೆಗಳಿಗೆ ನೆಲವಾದ ಕಲ್ಲು. ಒರಟು ಜಹೀರಾಬಾದಿನಲ್ಲಿ, ನುಣುಪು ತಾಂಡೂರಿನಲ್ಲಿ. ಕಲ್ಲು ತೋಯಿಸಲು ನೀರು ಬೇಕಲ್ಲ, ಅದಕ್ಕೆ ನಾರಾಯಣಖೇಡದ ಕಡೆ ಮಂಜೀರಾ ಹರಿಯುತ್ತದೆ. ಉಕ್ಕು? ಉತ್ತರಕ್ಕೆ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂನಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕನ್ನು ಕೊಳ್ಳಲು ಪರ್ಷಿಯಾದ ವರ್ತಕರು ಅಲ್ಲಿಯವರೆಗೆ ಬರುತ್ತಿದ್ದರೆಂಬುದು ದಾಖಲಾದ ಸಂಗತಿ; ಡಮಾಸ್ಕಸ್ ಖಡ್ಗಗಳ ಖ್ಯಾತಿಯ ಹಿಂದಿರುವುದು ಇಂಥ ದಖ್ಖನಿ ಉಕ್ಕು. ಉತ್ತರದಲ್ಲಿ ಉಕ್ಕು, ದಕ್ಷಿಣದಲ್ಲಿ ಕಲ್ಲು ಎಂದಮೇಲೆ ಎರಡೂ ಸಂಧಿಸುವ ಜಾಗ ಯಾವುದೆಂದು ನಕಾಶೆಯ ಮೇಲೆ ದಾರ ಹಿಡಿದು ನೋಡಬಹುದು. ದಾರ ಮನೂರಿನ ಮೇಲೇ ಹಾಯದಿದ್ದರೆ ತುಸು ಸಡಿಲ ಬಿಡಿ.

ಸಾಹಿತ್ಯದ ಸಾಕ್ಷ್ಯವೂ ಇದೆ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಗೆ ಒಯ್ದು ನಿಲ್ಲಿಸಿತು. ಮಂಜೀರಾ ಗೋದಾವರಿಯ ಉಪನದಿ, ಆದ್ದರಿಂದ ಮನೂರು ಎಲ್ಲೆಯ ಒಳಗೆ. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ಮುಂದೆ ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡವನ್ನು ಮುಟ್ಟುತ್ತದೆ. ಅರ್ಜುನನನ್ನೇ ನಾಯಕನನ್ನಾಗಿ ಮಾಡಿ 941ರಲ್ಲಿ ವಿಕ್ರಮಾರ್ಜುನವಿಜಯ ಬರೆದ ಪಂಪ ಆಶ್ರಯ ಪಡೆದದ್ದು ವೇಮುಲವಾಡದ ಅರಿಕೇಸರಿಯಲ್ಲಿ. ವೇಮುಲವಾಡ ಇರುವುದು ಇಂದಿನ ತೆಲಂಗಾಣದಲ್ಲಿ. ಕನ್ನಡದ ಅತ್ಯುತ್ತಮ ಬಿಲ್ಲುಗಾರ ಹೀಗೆ ತೆಲಂಗಾಣದ ನೆಲದಲ್ಲಿ ಕಾವ್ಯವಾದ ಮೇಲೆ ಅವನ ಬಾಣ ತೆಲಂಗಾಣದ ಕಲ್ಲಿನ ಮೇಲೆ ಮಸೆಯಲ್ಪಟ್ಟಿರಲಾರದು ಎನ್ನಲು ಯಾರಿಗೂ ಆಧಾರವಿಲ್ಲ. ಆಧಾರವಿಲ್ಲದಿರುವುದು ನಮಗೂ ಅಷ್ಟೇ ಅನುಕೂಲ.

ಇನ್ನು ಪೂರ್ವಪಕ್ಷಗಳು. ಭೂವಿಜ್ಞಾನಿ ಕೇಳುತ್ತಾನೆ: ಸುಣ್ಣಗಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್, ಮೋಸ್ ಮಾಪನದಲ್ಲಿ ಅದರ ಗಡಸುತನ 3, ಹದಗೊಂಡ ಉಕ್ಕು ಅದಕ್ಕಿಂತ ಎಷ್ಟೋ ಗಡಸು, ಉಕ್ಕನ್ನು ತಿನ್ನಬಲ್ಲ ಕ್ವಾರ್ಟ್ಜ್ 7, ಹಾಗಿರುವಾಗ ತಾಂಡೂರು ಕಲ್ಲು ಉಕ್ಕನ್ನು ತಿನ್ನುವುದು ಹೇಗೆ? ಉಕ್ಕೇ ಕಲ್ಲನ್ನು ತಿನ್ನುತ್ತದಲ್ಲ? ಆಕ್ಷೇಪ ಘನವಾದದ್ದು, ಮರೆಮಾಚಲಾಗದು. ಆದರೆ ಆಗಲೇ ಹೇಳಿದೆವು: ಶಾಸ್ತ್ರ ಕಲ್ಲಿನಿಂದ ಬೇಡಿದ್ದು ಸಮತಟ್ಟು, ಗಡಸುತನವಲ್ಲ. ಬಡಗಿಗಳು ಮರ ತೀಡುವ ಪಾಲಿಶ್ ಪೇಪರನ್ನು ನುಣುಪು ಪರ್ಸಿಯ ಮೇಲೆ ಅಂಟಿಸಿದರಾಯಿತು; ತಿನ್ನುವುದು ಕಾಗದ, ತಪ್ಪದಂತೆ ಕಾಯುವುದು ಕಲ್ಲು. ಗಾಜಿನ ಹಲಗೆಯ ಮೇಲೆ ಹೀಗೇ ಮಾಡುವವರು ಜಗತ್ತಿನ ಎಲ್ಲೆಡೆ ಇದ್ದಾರೆ. ಗಾಜಿಗಿರುವ ಮರ್ಯಾದೆ ತಾಂಡೂರಿಗೂ ಸಲ್ಲಲಿ. ಪಾಲಿಶ್ ಪೇಪರ್ ಅರ್ಜುನನ ಕಾಲದಲ್ಲಿ ಇರಲಿಲ್ಲ ಎನ್ನುವವರು ವಿಷಯಾಂತರ ಮಾಡುತ್ತಿದ್ದಾರೆ.

ಪುರಾತತ್ತ್ವಜ್ಞನ ಪೂರ್ವಪಕ್ಷ ಇನ್ನೂ ಒರಟು: ಶಕರ ಕಂಚಿನ ಮೂರಲಗಿನ ಮೊನೆಗಳು ಕಪ್ಪು ಸಮುದ್ರದಿಂದ ಮಧ್ಯ ಏಷ್ಯಾದವರೆಗೆ ರಾಶಿ ರಾಶಿ ಸಿಕ್ಕಿವೆ, ತಕ್ಷಶಿಲೆಯ ಅಗೆತದಲ್ಲೂ ಮೂರಲಗಿನವು ಕಂಡಿವೆ, ಮನೂರಿನಿಂದ ಒಂದನ್ನಾದರೂ ತೋರಿಸಿ. ತೋರಿಸಲಾರೆವು, ಮತ್ತು ಅದೇ ನಮ್ಮ ಬಲವಾದ ಪುರಾವೆ. ಒಂದೊಂದು ಸಲ ಮಸೆದಾಗಲೂ ಲೋಹ ಒಂದಿಷ್ಟು ಪುಡಿಯಾಗಿ ಹೋಗುತ್ತದೆ. ಮಸೆಯಲು ಬಾರದವರ ಬಾಣ ಮಣ್ಣಲ್ಲಿ ಉಳಿದು ವಸ್ತುಸಂಗ್ರಹಾಲಯ ಸೇರುತ್ತದೆ. ಮಸೆಯುವುದರಲ್ಲಿ ಪಾರಂಗತರಾದವರ ಬಾಣ ಮಸೆದು ಮಸೆದು ಮುಗಿದೇ ಹೋಗಿರುತ್ತದೆ. ಶಕರ ಬಾಣ ರಾಶಿಯಾಗಿ ಸಿಗುವುದು ಅವರ ಸೋಮಾರಿತನದ ದಾಖಲೆ. ಮನೂರಿನಲ್ಲಿ ಒಂದೂ ಸಿಗದಿರುವುದರಿಂದ ಅಲ್ಲಿ ಶಾಸ್ತ್ರ ಪರಾಕಾಷ್ಠೆ ಮುಟ್ಟಿತ್ತೆಂದು ಸಿದ್ಧವಾಗುತ್ತದೆ. ನಾಳೆ ಒಂದು ಸಿಕ್ಕರೆ? ಆಗಂತೂ ಸಿದ್ಧವೇ ಸಿದ್ಧ.

ನಮ್ಮ ವಾದದ ಮರ್ಮ ಇರುವುದು ಮನುಷ್ಯರಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲ್ಬರ್ಗ ಜಿಲ್ಲೆಯದು. ಆ ವರ್ಷ ಮೂರೂ ಅಂದಿನ ಆಂಧ್ರಪ್ರದೇಶಕ್ಕೆ ಹೋದವು; ಜಹೀರಾಬಾದಿನಲ್ಲಿ ನಿರ್ಣಾ ವೃತ್ತವನ್ನು ಮಾತ್ರ ಬಿಡಿಸಿ ಕರ್ನಾಟಕದ ಕಡೆ ಉಳಿಸಿಕೊಂಡರು. ಕಾನೂನು ತಾಲೂಕುಗಳನ್ನು ದಾಟಿಸಿತು, ನಾಲಿಗೆ ಅಲ್ಲೇ ಉಳಿಯಿತು. ಅಲ್ಲಿನ ಸಂತೆಯಲ್ಲಿ ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ನಡೆಯುತ್ತವೆ, ಮತ್ತು ಒಂದು ವ್ಯಾಪಾರಕ್ಕೆ ಎರಡು ಸಾಕು. ತೊಗರಿಯ ದರ ಕೇಳುವಾಗ ಕನ್ನಡವೂ ತೆಲುಗೂ ಕಲ್ಲಿಗೆ ತಾಗಿರುತ್ತವೆ, ಉರ್ದು ಆಕಾಶ ನೋಡುತ್ತಿರುತ್ತದೆ. ಚೌಕಾಸಿಗೆ ಇಳಿದರೆ ತೆಲುಗು ಮೇಲೆದ್ದು ಉರ್ದು ಕೆಳಗಿಳಿಯುತ್ತದೆ. ಕಚೇರಿಯ ಬಾಗಿಲಿಗೆ ಬಂದಾಗ ಕನ್ನಡ ಆಕಾಶ ನೋಡುತ್ತದೆ, ಅಲ್ಲಿ ಅದಕ್ಕೆ ಬೇರೆ ಕೆಲಸವೂ ಇಲ್ಲ. ಮೂರು ಸಲ ಹೊರಳಿದರೆ ಪ್ರತಿ ಭಾಷೆಗೂ ಎರಡೂ ಮುಖಕ್ಕೆ ಸಾಣೆ. ಎರಡನ್ನು ಒಟ್ಟಿಗೇ ತಾಗಿಸಿ ಮೂರನೆಯದನ್ನು ಎತ್ತಿಹಿಡಿಯುವ ಅಭ್ಯಾಸ ಹುಟ್ಟಿನಿಂದಲೇ ಇರುವವರಿಗೆ ಬಾಣ ಮಸೆಯುವುದನ್ನು ಹೊಸದಾಗಿ ಕಲಿಸಬೇಕಾದದ್ದಿಲ್ಲ. ಬಾಣ ಕೊಟ್ಟರೆ ಸಾಕು. ಒಂದು ಬೇಸರದ ಮಾತನ್ನು ಇಲ್ಲೇ ಹೇಳಿಬಿಡಬೇಕು: ಲೆಕ್ಕ ಮೂರು ಕಡೆಗೂ ಸಮ ಇರಬೇಕೆಂಬ ನಿಯಮ ಶಾಲೆಗಳಲ್ಲಿ ಪಾಲನೆಯಾಗುತ್ತಿಲ್ಲ. ಕನ್ನಡದ ಕಡೆಗೆ ತಿಕ್ಕುವುದು ಕಡಿಮೆಯಾದರೆ ಅಂಚು ಸರಿಯುತ್ತದೆ. ಇದು ಅಣಕವಲ್ಲ, ಜ್ಯಾಮಿತಿ. ಮರಾಠಿಯೂ ಇದೆಯಲ್ಲ, ಅದನ್ನೆಲ್ಲಿ ಬಿಟ್ಟಿರಿ ಎನ್ನುವ ಆಕ್ಷೇಪಕ್ಕೆ ಉತ್ತರ ಚಿಕ್ಕದು. ನಾಲ್ಕಲಗಿನ ಬಾಣಗಳೂ ಉಂಟು. ಅವಕ್ಕೆ ಪ್ರತ್ಯೇಕ ಪ್ರಬಂಧ ಬೇಕು.

ಅರವತ್ತು ಡಿಗ್ರಿ ಎಂದರೆ ಮೊಂಡಲ್ಲವೇ ಎಂದು ಕಬ್ಬು ಕಡಿಯುವವರು ಕೇಳಬಹುದು. ಅವರ ಕೊಯ್ತಾದ ಅಂಚು ಇಷ್ಟು ದಪ್ಪವಿರುವುದಿಲ್ಲ. ಹೌದು, ಆದರೆ ಕಬ್ಬಿಗೆ ಪಕ್ಕೆಲುಬಿಲ್ಲ. ತೆಳ್ಳನೆಯ ಅಂಚು ಎಲುಬಿಗೆ ಬಡಿದರೆ ಮಡಚುತ್ತದೆ, ದಪ್ಪನೆಯದು ತಾಳುತ್ತದೆ. ಇಷ್ಟು ಸಾಕು.

ಕಡೆಯ ಪೂರ್ವಪಕ್ಷ ಸರ್ಕಾರದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿರುವ ಪ್ರಾಣಿಯನ್ನು ಬೇಟೆಯಾಡುವಂತಿಲ್ಲ, ಬೇಟೆಯ ಪ್ರಯತ್ನವೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಈ ಬಯಲುಸೀಮೆಯ ಕೃಷ್ಣಮೃಗ ಮೊದಲ ಪಟ್ಟಿಯಲ್ಲಿದೆ. ಅದಕ್ಕೆ ಬಾಣ ಬಿಟ್ಟವನಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆ. ಹಾಗಾದರೆ ಈ ಬಾಣ ಯಾವುದಕ್ಕೆ? ಯಾವುದಕ್ಕೂ ಅಲ್ಲ, ಹಾಗಾಗಿಯೇ ಇದು ಶಾಸ್ತ್ರ. ಅಮೆರಿಕದ ಬೇಟೆಗಾರ ಮಸೆಯುವುದು ಜಿಂಕೆಯ ಆಸೆಗೆ. ಆಸೆ ಬಂದಲ್ಲಿ ಅವಸರ ಬರುತ್ತದೆ, ಅವಸರ ಬಂದಲ್ಲಿ ಕೋನ ಕೆಡುತ್ತದೆ. ಬಿಡುವ ಹಕ್ಕಿಲ್ಲದವನು ಮಾತ್ರ ಕೊನೆಯವರೆಗೆ ಮಸೆಯಬಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಳಕೆಗೆ ಬಾರದ ಎಷ್ಟೋ ವಿದ್ಯೆಗಳು ಇದೇ ನ್ಯಾಯದಿಂದ ಅನುದಾನ ಪಡೆಯುತ್ತಿವೆ. ಹರಿತವಾದ ಒಂದು ವಿದ್ಯೆಗೆ ಅದನ್ನು ನಿರಾಕರಿಸಲು ಕಾರಣ ಕಾಣುವುದಿಲ್ಲ. ಆದ್ದರಿಂದ ಗಡಿಯ ಎರಡೂ ಬದಿಯ ಸರ್ಕಾರಗಳಲ್ಲಿ ನಮ್ಮ ಮನವಿ: ಮನೂರಿನಲ್ಲಿ ಮೂರಲಗು ಅಧ್ಯಯನಕ್ಕೆ ತಡಮಾಡದೆ ಒಂದು ಪೀಠ ಸ್ಥಾಪಿಸಬೇಕು. ಖರ್ಚಿನ ಚಿಂತೆ ಬೇಡ. ಪೀಠಕ್ಕೆ ಬೇಕಾದ ಕಲ್ಲು ತಾಂಡೂರಿನಲ್ಲಿ ಚದರಡಿ ಲೆಕ್ಕದಲ್ಲಿ ಸಿಗುತ್ತದೆ.