ಸ್ಫೂರ್ತಿಯೂ ಮನೆಯವರ ಧೋತರವೂ

ಕವಿಗೆ ಸ್ಫೂರ್ತಿ ಬಂದರೆ ಹೆಚ್ಚೆಂದರೆ ನಾಲ್ಕು ಹಾಳೆ ಕಾಗದ ವ್ಯಯವಾದೀತು. ಗಾಯಕನಿಗೆ ಬಂದರೆ ನೆರೆಮನೆಯವರ ನಿದ್ರೆಗೆ ಕಿಂಚಿತ್ ಭಂಗವಾದೀತು. ಆದರೆ ಕೌದಿ ಹೊಲಿಯತಕ್ಕ ಹೆಂಗಸಿಗೆ ಸ್ಫೂರ್ತಿ ಬಂದಿತೆಂದರೆ ಮನೆಮಂದಿಯೆಲ್ಲ ತಂತಮ್ಮ ಮೈಮೇಲಿನ ವಸ್ತ್ರಗಳನ್ನು ಭದ್ರಪಡಿಸಿಕೊಳ್ಳುವುದೇ ಕ್ಷೇಮಕರ. ಈ ಕಲೆಗೆ ಬೇಕಾದ ವರ್ಣಗಳು ಅಂಗಡಿಯ ಡಬ್ಬಿಗಳಲ್ಲಿ ದೊರೆಯತಕ್ಕವಲ್ಲ. ಅವು ಸದಾ ಮತ್ತೊಬ್ಬರ ಮೈಮೇಲಿರುತ್ತವೆ. ಅದಕ್ಕೂ ಮಿಗಿಲಾಗಿ, ಇನ್ನೂ ಹರಿಯದೆ ಗಟ್ಟಿಯಾಗಿರುತ್ತವೆ.

ಧಾರವಾಡದ ನಮ್ಮ ಅಜ್ಜಿಗೆ ಈ ಸಂಕಟವಿರಲಿಲ್ಲ. ಸೆರಗು ಸವೆದ ಇಳಕಲ್ ಸೀರೆ, ಮಂಡಿಯ ಬಳಿ ಜಾಳಾದ ಧೋತರ, ಕುಪ್ಪಸ ಹೊಲಿದು ಮಿಕ್ಕ ಗುಳೇದಗುಡ್ಡದ ಖಣದ ಚೂರು, ಇವೆಲ್ಲ ಅಟ್ಟದ ಮೇಲೊಂದು ಗಂಟಿನಲ್ಲಿ ತಮ್ಮ ಸರದಿಯನ್ನು ಕಾಯುತ್ತಿದ್ದವು. ಬೇಸಗೆಯಲ್ಲಿ ಗಂಟು ಇಳಿಯುತ್ತಿತ್ತು. ಪಡಸಾಲೆಯಲ್ಲಿ ಸೀರೆ ಹಾಸಿ, ಅದರ ಮೇಲೆ ಪದರ ಪದರವಾಗಿ ಅರಿವೆ ಹರಡಿ, ದಪ್ಪ ನೂಲಿನಿಂದ ಸಾಲು ಹೊಲಿಗೆ ಹಾಕಿಕೊಂಡು ಹೋಗುತ್ತಿದ್ದಳು. ಕಟ್ಟಕಡೆಯ ಮೂಲೆಯನ್ನು ಮುಚ್ಚುವ ಮುನ್ನ ಅದರೊಳಗೆ ಒಂದು ತುಣುಕು ರೊಟ್ಟಿಯನ್ನಿಟ್ಟು, "ಕೌದಿ ಹಸ್ಕೊಂಡಿರಬಾರದವ್ವಾ" ಎನ್ನುತ್ತಿದ್ದಳು. ಆ ರೊಟ್ಟಿಯ ಸಮಾಚಾರ ಇರುವೆಗಳಿಗೂ ಸಕಾಲದಲ್ಲಿ ತಲುಪುತ್ತಿತ್ತೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ.

ಹೊದೆಯುವ ವಸ್ತು ನೋಡುವ ವಸ್ತುವಾದಂದಿನಿಂದ ತೊಡಕು ಮೊದಲಾಯಿತು. 1971ರಲ್ಲಿ ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವ್ಯಾನ್ ಡರ್ ಹೂಫ್ ಎಂಬಿಬ್ಬರು ತಾವು ಸಂಗ್ರಹಿಸಿದ ಅಮೆರಿಕದ ಹಳೆಯ ಕ್ವಿಲ್ಟುಗಳನ್ನು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಗಳ ಮೇಲೆ ಚಿತ್ರಪಟಗಳಂತೆ ತೂಗುಹಾಕಿಸಿದರು. ಹಾಸಿಗೆಯ ಮೇಲೆ ಬಿದ್ದಿದ್ದಾಗ ಯಾರೂ ಕಣ್ಣೆತ್ತಿ ನೋಡದಿದ್ದ ಪದಾರ್ಥವನ್ನು ಗೋಡೆಗೇರಿದೊಡನೆ ವಿಮರ್ಶಕರು ಕತ್ತೆತ್ತಿ ನೋಡಿದರು. ಅಜ್ಜಿಯೇನಾದರೂ ಅಲ್ಲಿದ್ದಿದ್ದರೆ, "ಎಲ್ಲಾ ಗ್ವಾಡಿಗೆ ಹೊಚ್ಚಿದ್ರ ರಾತ್ರಿ ಮಂದಿ ಏನ್ ಹೊಚ್ಕೋಬೇಕು?" ಎಂದು ಕೇಳುತ್ತಿದ್ದುದರಲ್ಲಿ ಸಂದೇಹವಿಲ್ಲ. ನಾನೋ ಗೋಡೆಯ ಪಕ್ಷಕ್ಕೆ ಸೇರಿದವಳು.

ಗೋಡೆಯ ಕೌದಿಗೆ ಬರಿಯ ಅರಿವೆ ಸಾಲದು, ಪ್ರೇರಣೆಯೂ ಬೇಕು. ಅದಕ್ಕಾಗಿ ಪ್ರಕೃತಿಯ ಸನ್ನಿಧಿಗೆ ಹೋಗಬೇಕೆಂದು ಬಲ್ಲವರು ಬೋಧಿಸಿದುದರಿಂದ, ಸಂಜೆಗಳಲ್ಲಿ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಕುಳಿತೆ. ಸೂರ್ಯನು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸಿದನು, ನೀರೂ ಕೆಂಪಾಯಿತು. ನನ್ನ ಚಿತ್ತದಲ್ಲಿ ಮಾತ್ರ ಸೊಳ್ಳೆಗಳ ವಿಚಾರವನ್ನುಳಿದು ಬೇರೊಂದು ಭಾವ ಉದಿಸಲಿಲ್ಲ. ಅಷ್ಟರಲ್ಲಿ ದಂಡೆಯ ಮೇಲೆ ಹಾದುಹೋದ ಮುದುಕರೊಬ್ಬರ ಮಾಸಿದ ಗುಲಾಬಿ ರುಮಾಲನ್ನು ಕಂಡೆನಷ್ಟೆ, ಎದ್ದುನಿಂತೆ. ಆ ಗುಲಾಬಿಯನ್ನು ಯಾವ ಸೂರ್ಯಾಸ್ತವೂ ಕೊಡಲಾರದು. ಅದಕ್ಕೆ ಹಲವು ವರ್ಷಗಳ ಬಿಸಿಲು, ಬೆವರು, ಸೋಪು ಬೇಕು.

ಈ ವಿಷಯದಲ್ಲಿ ನನಗೆ ನಿಜವಾದ ಗುರುಗಳೆಂದರೆ ಉತ್ತರ ಕನ್ನಡದ ಸಿದ್ದಿ ಹೆಂಗಸರು. ಆಫ್ರಿಕದಿಂದ ಬಂದ ಪೂರ್ವಿಕರ ಈ ಸಂತತಿಯವರು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಹೊಲಿಯುವ ಕವಂದಿಯೆಂಬ ಕೌದಿಗೆ ಮುಂಚಿತವಾಗಿ ಬರೆದ ನಕ್ಷೆಯಿಲ್ಲ. ಒಂದು ಮೂಲೆಯಲ್ಲಿ ಆರಂಭಿಸಿ, ಅಂಚನ್ನು ಹಿಡಿದು ಸುತ್ತುತ್ತ, ಕೈಗೆ ಬಂದ ತುಂಡನ್ನು ಮಡಚಿ ಕೂಡಿಸುತ್ತ, ಸುತ್ತು ಸುತ್ತಾಗಿ ಒಳಕ್ಕೆ ಸರಿದು ಕಡೆಗೆ ನಡುವನ್ನು ಮುಟ್ಟುತ್ತಾರೆ. ನಾಲ್ಕು ಮೂಲೆಗಳಿಗೂ ಮುಕ್ಕೋನವಾಗಿ ಮಡಚಿದ ಪದರಗಳ ಹೂವನ್ನು, ಅವರ ಮಾತಿನಲ್ಲಿ ಫೂಲವನ್ನು, ಕೂಡಿಸದಿದ್ದರೆ ಕವಂದಿ ಬತ್ತಲೆಯೆಂದೇ ಲೆಕ್ಕ. ನಡುವಿನಲ್ಲಿ ಏನು ಬರುವುದೆಂಬ ಚಿಂತೆಯನ್ನು ಹೊಲಿಗೆ ನಡುವನ್ನು ಮುಟ್ಟುವವರೆಗೆ ಮುಂದೂಡಿಬಿಡುವ ಈ ಕ್ರಮವು, ಚಿಂತೆಯಿಂದಲೇ ಕೆಲಸವನ್ನು ಮೊದಲಿಡುವ ನನ್ನಂತಹವರಿಗೆ ಪರಮೌಷಧವಾಗಿ ಪರಿಣಮಿಸಿತು.

ಇಂತಹದೇ ಮತ್ತೊಂದು ವೃತ್ತಾಂತವನ್ನು ಮನೆಯಲ್ಲಿ ಹೇಳಿದುದರಿಂದ ಮಾತ್ರ ಗೃಹಶಾಂತಿಗೆ ಸ್ವಲ್ಪ ಧಕ್ಕೆಯೊದಗಿತು. ಅಲಬಾಮಾ ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕರಿಯ ಜನಾಂಗದ ಬಡ ರೈತ ಹೆಂಗಸರು ಹೊಲದಲ್ಲಿ ದುಡಿದು ಸವೆದ ಉಡುಪುಗಳಿಂದ ಹೊಲಿದ ಕ್ವಿಲ್ಟುಗಳೂ ಮುಂದೆ ಅದೇ ವಿಟ್ನಿಯ ಗೋಡೆಗೇರಿದವು. 2006ರಲ್ಲಿ ಅಮೆರಿಕ ಸರಕಾರವು ಅವುಗಳ ಅಂಚೆಚೀಟಿಗಳನ್ನೂ ಹೊರಡಿಸಿತು. ಆ ಊರಿನ ಮಿಸೌರಿ ಪೆಟ್ವೇ ಎಂಬಾಕೆ ತೀರಿಕೊಂಡ ತನ್ನ ಗಂಡನ ಕೆಲಸದ ಬಟ್ಟೆಗಳನ್ನೆಲ್ಲ ಕೂಡಿಸಿ, ಅವನ ನೆನಪಿಗಾಗಿ ಹೊದೆಯಲು 1942ರಲ್ಲಿ ಒಂದು ಕ್ವಿಲ್ಟನ್ನು ಹೊಲಿದಳು. ಇದನ್ನು ನಾನು ಗದ್ಗದ ಕಂಠದಿಂದ ವರ್ಣಿಸಿ, ಕಣ್ಣೊರೆಸಿಕೊಂಡು, ನಮ್ಮ ಮನೆಯವರು ಉಟ್ಟಿದ್ದ ಧೋತರದ ನೀಲಿ ದಡಿಯತ್ತ ದೃಷ್ಟಿ ಹೊರಳಿಸಿದೆ. ಅವರು ಪಂಚಾಂಗವನ್ನು ಮಡಚಿಟ್ಟು, "ಕಥಿ ಛಲೋ ಐತಿ. ಆದ್ರ ನಾ ಇನ್ನೂ ಅದೀನಲ್ಲ!" ಎಂದರು. ಅಂದಿನಿಂದ ಅವರ ಟ್ರಂಕಿಗೆ ಬೀಗ ಬಿದ್ದಿದೆ.

ಓಣಿಯಲ್ಲಿ ಹಳೆಯ ಬಟ್ಟೆ ಕೊಂಡು ಭಾಂಡೆ ಕೊಡುವಾಕೆಯೂ ನನ್ನನ್ನು ಪ್ರತಿಸ್ಪರ್ಧಿಯೆಂದೇ ಬಗೆದಿದ್ದಾಳೆ. ಆಕೆಯ ಕೈಯಲ್ಲಿ ಥಳಥಳಿಸುವ ಸ್ಟೀಲಿನ ಡಬ್ಬಿಯಿದೆ, ನನ್ನ ಕೈಯಲ್ಲಿರುವುದು ಸೌಂದರ್ಯಮೀಮಾಂಸೆ. ನೆರೆಹೊರೆಯ ಗೃಹಿಣಿಯರು ಯಾವುದನ್ನು ಆರಿಸಿಕೊಳ್ಳುತ್ತಾರೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಹೀಗಾಗಿ ಮದುವೆಮುಂಜಿಗಳಲ್ಲಿ ಬೀಗಿತ್ತಿಯರ ಮುಖವನ್ನು ಬಿಟ್ಟು ಸೆರಗನ್ನೇ ಮಾತನಾಡಿಸುವ ದುರಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಇಳಕಲ್ಲಿನ ಸೆರಗಿನ ಕೆಂಪಿನಲ್ಲಿ ಗೋಪುರದಂತೆ ಏಳುವ ಆ ಬಿಳಿಯ ತೆನೆಗಳನ್ನು ಕಂಡಾಗ, ಅವು ಕೌದಿಯ ಎಡಮೂಲೆಯಲ್ಲಿದ್ದರೆ ಎಷ್ಟು ಸೊಗಸೆಂದು ಅನ್ನಿಸದಿರುವುದು ಹೇಗೆ? "ಎಷ್ಟು ವರ್ಷ ಆತ್ರೀ ಈ ಸೀರಿ ತೊಗೊಂಡು?" ಎಂಬ ನನ್ನ ಪ್ರಶ್ನೆಯನ್ನು ಕೆಲವರು ಪ್ರಶಂಸೆಯೆಂದೂ ಕೆಲವರು ಅವಹೇಳನವೆಂದೂ ಗ್ರಹಿಸುತ್ತಾರೆ. ಎರಡೂ ಅಲ್ಲ, ಅದು ವಿಚಾರಣೆ.

ಸದ್ಯಕ್ಕೆ ಗೋಡೆಯ ಕೌದಿಯ ಮೂರು ಮೂಲೆಗಳಲ್ಲಿ ಹೂವು ಅರಳಿದೆ. ನಾಲ್ಕನೆಯದಕ್ಕೆ ಗಿಳಿಯ ಬಣ್ಣವೂ ಅಲ್ಲದ, ಪಾಚಿಯ ಬಣ್ಣವೂ ಅಲ್ಲದ, ಎರಡರ ನಡುವಣ ಒಂದು ಹಸಿರು ಬೇಕಾಗಿದ್ದು, ಆ ಹಸಿರು ಶನಿವಾರದ ಭಜನೆಗೆ ಬರುವ ಹಿರಿಯರೊಬ್ಬರ ಕುಪ್ಪಸದಲ್ಲಿದೆ. ಅದು ಮೊನ್ನಿನ ದೀಪಾವಳಿಗೆ ಹೊಲಿಸಿದ್ದೆಂದು ಅವರು ತುಸು ಬಿಗುವಾಗಿಯೇ ತಿಳಿಸಿದರು. ಅಡ್ಡಿಯಿಲ್ಲ; ನನಗೂ ಅವಸರವಿಲ್ಲ. ಈಗೀಗ ಭಜನೆಯಲ್ಲಿ ನಾನು ಅವರ ಬೆನ್ನ ಹಿಂದೆಯೇ ಕೂಡುತ್ತೇನೆ. ಅವರು ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು ಕೂಡುತ್ತಾರೆ.